ಒಟ್ಟಿಗೆ ಇದ್ದು ನೆರೆಹೊರೆಗೆ ಗಂಜಿ ಬಡಿಸಿದವರು ಇದ್ದೀರಾ? ಅನುಭವ ಹೇಳಿ

ಬದಿಯಡ್ಕದ ಹೊಸಬ:
ನಾವು ಮೂರು ಸಂಸಾರ. ಎರಡು ಕ್ಯಾಥೊಲಿಕ್, ಒಂದು ಸಿಎಸ್‌ಐ (ಪ್ರಾಟೆಸ್ಟೆಂಟ್). ಕಾಸರಗೋಡಿನ ಬದಿಯಡ್ಕ ಹತ್ತಿರ ಹಳೇ ಹಂಚಿನ ಮನೆ ಹಿಡಿದು ಒಟ್ಟಿಗೆ ಇರಬೇಕು ಅಂತಿದ್ದೇವೆ. ಒಂದೇ ಅಡುಗೆ, ಒಂದೇ ಪ್ರಾರ್ಥನೆ, ಒಂದೇ ದುಡ್ಡಿನ ಡಬ್ಬ. ವಾರಕ್ಕೆ ಮೂರು ಸಂಜೆ ನೆರೆಯವರ ಜೊತೆ ಕೂತು ಊಟ. ದಾನ ಅಲ್ಲ, ಒಟ್ಟಿಗೆ ಉಣ್ಣುವುದು. ಮನೆ ಬಾಡಿಗೆಗೆ ಹಿಡಿಯುವುದಾ, ಕೊಳ್ಳುವುದಾ? 40 ಜನಕ್ಕೆ ತಿಂಗಳಿಗೆ ಎಷ್ಟು ಬೀಳುತ್ತದೆ?

ಮಂಜೇಶ್ವರದ ಬಾಯಿ:
ನಾಲ್ಕು ವರ್ಷ ನಡೆಸಿ ಮುಚ್ಚಿದವಳು ನಾನು. ಲೆಕ್ಕದ ಪುಸ್ತಕ ಇನ್ನೂ ಕಪಾಟಿನಲ್ಲಿದೆ. 50 ಕಿಲೋ ಕುಚ್ಚಲಕ್ಕಿ ಮೂಟೆ ಒಂದು ತಿಂಗಳು ಬರುತ್ತದೆ ಅಂದುಕೊಂಡಿದ್ದೆವು. ಒಂಬತ್ತನೇ ಊಟಕ್ಕೆ ತಳ ಕೆರೆದೆವು.

ಗ್ಯಾಸಿನ ಕಥೆ ಕೇಳಿ. ಮನೆಯ 14.2 ಕಿಲೋ ಸಿಲಿಂಡರಿಗೇ ಹಂಡೆ ಏರಿಸಿದೆವು. ಅದರಲ್ಲಿ ಊರಿಗೆಲ್ಲ ಬೇಯಿಸುವ ಹಾಗಿಲ್ಲ ಅಂತ ಗೊತ್ತಿತ್ತು, ಗೊತ್ತಿಲ್ಲದ ಹಾಗೆ ಇದ್ದೆವು. ಯಾರೋ ದೂರು ಕೊಟ್ಟರು. ಆಮೇಲೆ 19 ಕಿಲೋದ್ದು ತಂದೆವು, ಆಗ ಒಂದಕ್ಕೆ 1,800 ಚಿಲ್ಲರೆ. ಎರಡು ಸಿಲಿಂಡರ್ ಮುಗಿಯುವಾಗ ಡಬ್ಬದ ದುಡ್ಡೂ ಮುಗಿಯಿತು. ಕೊನೆಗೆ ಹಿತ್ತಲಲ್ಲಿ ಒಲೆ ಹಾಕಿ ತೆಂಗಿನ ಗೆರಟೆ, ಮಡಲು ಉರಿಸಿದೆವು. ಜೂನ್ ಬಂತು, ಅದೂ ಒದ್ದೆ. 60 ಸ್ಟೀಲ್ ಬಟ್ಟಲು ತಂದಿದ್ದೆವು, ಮುಚ್ಚುವಾಗ 41 ಉಳಿದಿತ್ತು.

ಮೊದಲ ಮೂರು ತಿಂಗಳು ಯಾರೂ ಕೂತು ಉಣ್ಣಲಿಲ್ಲ. ಮಕ್ಕಳ ಕೈಯಲ್ಲಿ ಡಬ್ಬ ಕಳಿಸಿ ತರಿಸಿಕೊಂಡರು. ಒಂದು ದಿನ ನನಗೆ ಜ್ವರ. ಪಕ್ಕದ ಬ್ಯಾರಿ ಮನೆಯ ಅಜ್ಜಿ ಸೀದಾ ಒಳಗೆ ಬಂದು ಸೌಟು ಕಿತ್ತುಕೊಂಡರು. ನನ್ನ ಹುರುಳಿ ಸಾರನ್ನು ಅಂಗೈಗೆ ಬಿಟ್ಟು ನೆಕ್ಕಿ, "ಇದನ್ನು ಉಣ್ಣಲಿಕ್ಕೆ ಯಾರು ಬರ್ತಾರೆ ಮಗಳೇ" ಅಂದರು. ಅವತ್ತು ಅವರೇ ಒಗ್ಗರಣೆ ಹಾಕಿದರು. ಅವತ್ತು ಜನ ಕೂತರು.

ಇನ್ನು ದುಡ್ಡಿನ ಡಬ್ಬ. ಬೈಬಲಿನ ಅಪೊಸ್ತಲರ ಕೃತ್ಯಗಳು ಎರಡನೇ ಅಧ್ಯಾಯ ಓದಿ ಶುರು ಮಾಡಿದೆವು, ಎಲ್ಲವೂ ಎಲ್ಲರದು ಅಂತ. ಒಬ್ಬ ಮಹಾಶಯ ಅದರಿಂದ 11,500ರ ಮೊಬೈಲು ತಗೊಂಡ. ನೀವು ದುಡ್ಡು ಬಚ್ಚಿಟ್ಟು ಸುಳ್ಳು ಹೇಳಿದ ಅನನೀಯನ ಕಥೆ ಇರುವ ಐದನೇ ಅಧ್ಯಾಯವನ್ನೂ ಮೊದಲೇ ಓದಿಕೊಳ್ಳಿ.

ಹೊಸೂರಿನವ:
ಗಂಜಿ ಬಡಿಸಿದರೆ ನ್ಯಾಯ ಸಿಕ್ಕಿತಾ? ನಮ್ಮ ಪಕ್ಕದ ತಿರುಪತ್ತೂರಲ್ಲಿ 1921ರಲ್ಲಿ ಒಬ್ಬ ತಮಿಳು ಡಾಕ್ಟರು, ಒಬ್ಬ ಸ್ಕಾಟ್ಲೆಂಡಿನ ಡಾಕ್ಟರು ಸೇರಿ ಕ್ರಿಸ್ತುಕುಲ ಅಂತ, ಒಟ್ಟಿಗೆ ಬಾಳುವ ಕ್ರೈಸ್ತ ಆಶ್ರಮ ಕಟ್ಟಿದರು. 1933ರಲ್ಲಿ ನ್ಯೂಯಾರ್ಕಿನ ಡೊರೊಥಿ ಡೇ ಅವರ ಕ್ಯಾಥೊಲಿಕ್ ವರ್ಕರ್ ಚಳವಳಿ ಪತ್ರಿಕೆಯಿಂದಲೇ ಶುರುವಾಯಿತು, ಬಡವರಿಗೆ ಸೂಪಿನ ಸಾಲು ಆಮೇಲೆ ಬಂತು. ಮೊದಲು ರೇಷನ್ ಕಾರ್ಡ್ ನೋಡಿ. ನಾನು ಎರಡು ವರ್ಷ ಊಟ ಹಾಕಿ ಸೋತೆ. ಆಮೇಲೆ ಕಾರ್ಡಿನ ಹಿಂದೆ ಬಿದ್ದೆ. ನಾಲ್ಕು ಮನೆಗೆ ಮಾಡಿಸಲು ಹನ್ನೊಂದು ಸಲ ಅಲೆದೆ. ನಾಲ್ಕೂ ಮನೆಯಲ್ಲಿ ಈಗ ಅವರದೇ ಒಲೆ ಉರಿಯುತ್ತಿದೆ. ನಿಮ್ಮ ಕೇರಳದಲ್ಲಿ ಬಿಳಿ ಕಾರ್ಡು (ಆದ್ಯತೆ ಇಲ್ಲದ್ದು) ಗುಲಾಬಿ (ಆದ್ಯತೆಯದು) ಆದರೆ ಸಾಕು, ನಿಮ್ಮ ಹಂಡೆ ಬೇಡ. ಬಿಹಾರ, ಬಂಗಾಳದ ಕೆಲಸಗಾರರಿಗೂ ಊರಿನ ಕಾರ್ಡಿದ್ದರೆ ಇಲ್ಲೇ ಹೆಬ್ಬೆಟ್ಟು ಒತ್ತಿ ಅಕ್ಕಿ ತಗೊಳ್ಳಬಹುದು. ಅದನ್ನು ಅವರಿಗೆ ಹೇಳಿದವರು ಎಷ್ಟು ಜನ?

ಮಂಜೇಶ್ವರದ ಬಾಯಿ:
ಹಸಿದು ಬಂದವನಿಗೆ ಮೊದಲು ಅರ್ಜಿ ತುಂಬು ಅನ್ನಬೇಕಾ ಅಣ್ಣ? ಒಂಟಿ ಮುದುಕರಿಗೆ ಅಕ್ಕಿ ಇರುತ್ತದೆ. ಜೊತೆಗೆ ಕೂತು ಉಣ್ಣುವವರು ಇರುವುದಿಲ್ಲ. ಅದಕ್ಕೆ ಯಾವ ಬಣ್ಣದ ಕಾರ್ಡು?

ಪೆರ್ಲದ ಟೀಚರ್:
ನಾನು ಕ್ರೈಸ್ತಳಲ್ಲ, ಆದರೂ ಹೇಳುತ್ತೇನೆ. ನಮ್ಮ ಎಣ್ಮಕಜೆ ಕಡೆ ಗೇರು ತೋಟದ ಮೇಲೆ 2000ದವರೆಗೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ನನ್ನ ಅಕ್ಕನ ಮಗನಿಗೆ ಈಗ 26 ವರ್ಷ. ತಲೆ ಎತ್ತಿ ಹಿಡಿದು, ಗಂಜಿಯನ್ನು ನುಣ್ಣಗೆ ಹಿಸುಕಿ, ಚಮಚೆಯಲ್ಲಿ ಬಿಡಬೇಕು. ಒಂದು ಬಟ್ಟಲಿಗೆ ಮುಕ್ಕಾಲು ಗಂಟೆ. ಅಷ್ಟರಲ್ಲಿ ಅಕ್ಕನ ಊಟ ತಣ್ಣಗಾಗಿರುತ್ತದೆ. ಅವಳು ನಿಮ್ಮ ಹಂಚಿನ ಮನೆಗೆ ಹೇಗೆ ಬರುತ್ತಾಳೆ? ಮೇಜು ಹಾಕಿ ಕಾಯಬೇಡಿ. ಒಬ್ಬರು ಹೋಗಿ ಮಗನಿಗೆ ಉಣಿಸಿ, ಅವಳು ಬಿಸಿ ಊಟ ಮಾಡಲಿ. ಅಕ್ಕಿ ಅವಳಲ್ಲೇ ಇದೆ.

ಕುಂಬಳೆ ಲೋಕಲ್:
ಟೀಚರ್ ಹೇಳಿದ್ದು ಸರಿ. ನಾನೂ ಇಂಥದೇ ಮನೆಯಲ್ಲಿ ಎರಡು ವರ್ಷ ಇದ್ದವ. ಊಟಕ್ಕೆ ಮೊದಲು ಜೋರಾಗಿ ಪ್ರಾರ್ಥನೆ ಬೇಡ ಅಂತ ಬಡಕೊಂಡೆ. ಕೇಳಲಿಲ್ಲ. ಎರಡೇ ವಾರದಲ್ಲಿ ಮತಾಂತರ ಮಾಡ್ತಾರೆ ಅಂತ ಸುದ್ದಿ ಹಬ್ಬಿತು, 38 ಜನ ಇದ್ದದ್ದು 14ಕ್ಕೆ ಇಳಿಯಿತು. ಉಳಿದ ಅನ್ನ ಕೋಳಿಗೂ ಜಾಸ್ತಿಯಾಯಿತು.

ಮತ್ತೆ, ಮೊಬೈಲಿನ ವಿಷಯ. ಆ ಮಹಾಶಯ ನಾನೇ. ಮೀನಿನ ಗಾಡಿಯವರು, ತರಕಾರಿ ಅಂಗಡಿಯವರು ಉಳಿದದ್ದನ್ನು ಕೊಡಲು ಯಾರ ನಂಬರಿಗೆ ಫೋನ್ ಮಾಡುತ್ತಿದ್ದರು ಬಾಯಿ? ತೊಂಡೆಕಾಯಿ ಸುಮ್ನೆ ನಡೆದು ಬಂತಾ?

ಮಂಜೇಶ್ವರದ ಬಾಯಿ:
ಓಹೋ, ನೀನಾ! ಕ್ಯಾಮೆರಾ ಚೆನ್ನಾಗಿರಬೇಕು ಅಂತ ಹಟ ಹಿಡಿದದ್ದೂ ತೊಂಡೆಕಾಯಿಗೇನಾ? ಪ್ರಾರ್ಥನೆ ಬಿಟ್ಟರೆ ನಾವು ಹೋಟೆಲು. 20 ರೂಪಾಯಿಗೆ ಊಟ ಕೊಡುತ್ತಿದ್ದ ಕೇರಳದ ಜನಕೀಯ ಹೋಟೆಲುಗಳೇ 2023ರಲ್ಲಿ ಸರ್ಕಾರದ ಸಬ್ಸಿಡಿ ನಿಂತಮೇಲೆ ರೇಟು ಏರಿಸಿದವು. ನಾವು ಏರಿಸಿದೆವಾ? ಆಮೇಲೆ ನೀನು ಹೋಗುವಾಗ ನನ್ನ ಅಜ್ಜಿಯ ತಾಮ್ರದ ಹಂಡೆಯನ್ನೂ ಹೊತ್ತುಕೊಂಡು ಹೋದೆ.

ಕುಂಬಳೆ ಲೋಕಲ್:
ಕಲಾಯಿ ಹಾಕಿಸಲು ನೀವೇ ಕೊಟ್ಟದ್ದು! 650 ನನ್ನ ಕೈಯಿಂದ ಹೋಯಿತು. ವಾಪಸ್ ತರುವಾಗ ಬಾಗಿಲಿಗೆ ಬೀಗ.

ಹೊಸೂರಿನವ:
ಇದೇ ನೋಡಿ ಒಟ್ಟಿಗೆ ಇರುವ ಚಂದ.

ಮಂಜೇಶ್ವರದ ಬಾಯಿ:
ನೀವು ನಡುವೆ ಬರಬೇಡಿ. ಕಲಾಯಿ ಸರಿ ಹಾಕಿದ್ದಾರೇನೋ?

ಕುಂಬಳೆ ಲೋಕಲ್:
ಕನ್ನಡಿ ಹಾಗಿದೆ. ನಮ್ಮ ಮನೆಯಲ್ಲಿ ಮಳೆನೀರಿಗೆ ಇಟ್ಟಿದ್ದೇವೆ.

ಮಂಜೇಶ್ವರದ ಬಾಯಿ:
ಮಳೆನೀರಿಗಾ!!

ಬದಿಯಡ್ಕದ ಹೊಸಬ:
ಎಲ್ಲರಿಗೂ ಥ್ಯಾಂಕ್ಸ್. ಬಾಡಿಗೆಯಾ ಖರೀದಿಯಾ ಅಂತ ಯಾರೂ ಹೇಳಲಿಲ್ಲ. ಟೀಚರ್, ನಿಮ್ಮ ಅಕ್ಕನ ಮನೆಗೆ ನಾವು ಯಾವಾಗ ಬರಬಹುದು? ಮತ್ತೆ ಆ ಹಂಡೆಯಲ್ಲಿ ಎಷ್ಟು ಜನಕ್ಕೆ ಬೇಯಿಸಬಹುದು?