ಶ್ರದ್ಧೆಯುಳ್ಳ ಮನೆ, ಸಲಿಂಗಾಕರ್ಷಣೆಯ ಮಗ: ಧರ್ಮದ ದೃಷ್ಟಿಯಲ್ಲಿ ಏನು ಹೇಳಬೇಕು?

ಪ್ರಶ್ನೆ: ಬೀದರ್ ಜಿಲ್ಲೆಯ ಒಬ್ಬ ಕಾಕಾ

ಎಲ್ಲರಿಗೂ ಶರಣು ಶರಣಾರ್ಥಿ. ನನ್ನ ಅಣ್ಣನ ಮಗ ಓದು ಮುಗಿಸಿ ನೌಕರಿಗೆ ಸೇರಿದ್ದಾನೆ. ಹೆಣ್ಣುಮಕ್ಕಳ ಮೇಲೆ ತನಗೆ ಎಂದೂ ಮನಸ್ಸಾಗಿಲ್ಲ, ಆಗುವುದು ಗಂಡಸರ ಮೇಲೆಯೇ ಎಂದು ಅವನು ನನ್ನೊಬ್ಬನಿಗೆ ಹೇಳಿಕೊಂಡಿದ್ದಾನೆ. ನಮ್ಮದು ಲಿಂಗಾಯತ ಮನೆತನ. ಇಂದಿಗೂ ಅವನು ಸ್ನಾನ ಮಾಡಿ, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸದೆ ಬಾಯಿಗೆ ನೀರು ಹಾಕುವುದಿಲ್ಲ. ಅವನು ಕೇಳಿದ್ದು ಒಂದೇ ಮಾತು: "ಕಾಕಾ, ಈ ಲಿಂಗ ಕಟ್ಟಿಕೊಳ್ಳುವ ಯೋಗ್ಯತೆ ನನಗೆ ಉಳಿದಿದೆಯೇ?"

ನಾನು ಉತ್ತರ ಕೊಡಲಾಗದೆ ಸುಮ್ಮನಾದೆ. ಅತ್ತ ಅಣ್ಣ ಮತ್ತು ವೈನಿ ಕನ್ಯೆ ನೋಡಲು ಆರಂಭಿಸಿದ್ದಾರೆ. ಕಲಬುರಗಿಯ ಒಳ್ಳೆಯ ಮನೆತನದಿಂದ ಫೋಟೊ, ಬಯೋಡೇಟಾ ಬಂದಿವೆ. ಹೆಸರು ಹೇಳದೆ ಹಿರಿಯರೊಬ್ಬರನ್ನು ವಿಚಾರಿಸಿದೆ, "ಮದುವೆ ಮಾಡಿಬಿಡಿ, ಎಲ್ಲ ತಾನೇ ಸರಿಹೋಗುತ್ತದೆ" ಎಂದರು. ಕಾನೂನು ಬದಲಾಗಿದೆ ಎಂಬುದು ನನಗೆ ತಿಳಿದಿದೆ. ನನಗೆ ಬೇಕಾಗಿರುವುದು ಧರ್ಮವನ್ನು ನಂಬುವವರ ಮಾತು.

ಯಾದಗಿರಿಯ ನಿವೃತ್ತ ಶಿಕ್ಷಕಿ

ಸರ್, ನಿಮ್ಮ ಹುಡುಗನ ಪ್ರಶ್ನೆ ಓದಿ ಮನಸ್ಸಿಗೆ ಬಹಳ ಸಂಕಟವಾಯಿತು. ನಮ್ಮ ಜಿಲ್ಲೆಯ ಮುದನೂರಿನ ಜೇಡರ ದಾಸಿಮಯ್ಯನವರು, ಮೊಲೆ ಮುಡಿ ಬಂದರೆ ಹೆಣ್ಣೆನ್ನುತ್ತಾರೆ, ಗಡ್ಡ ಮೀಸೆ ಬಂದರೆ ಗಂಡೆನ್ನುತ್ತಾರೆ, ನಡುವೆ ಸುಳಿಯುವ ಆತ್ಮ ಎರಡೂ ಅಲ್ಲ ಎಂದು ಹೇಳಿದ್ದಾರೆ. ಈ ವಚನವನ್ನು ಮುಂದಿಟ್ಟು, ಶರಣರು ಸಲಿಂಗ ಪ್ರೇಮವನ್ನು ಒಪ್ಪಿದ್ದರು ಎಂದು ಈಗ ಕೆಲವರು ವಾದಿಸುತ್ತಾರೆ. ನಾನು ಅಷ್ಟು ದೂರ ಹೋಗುವುದಿಲ್ಲ. ಅವರು ಮಾತನಾಡುತ್ತಿದ್ದ ವಿಷಯ ಅದಲ್ಲ. ಗಂಡಸರೂ ತಮ್ಮನ್ನು ಸತಿಯೆಂದು, ಲಿಂಗವನ್ನು ಪತಿಯೆಂದು ಭಾವಿಸಿ ಹಾಡಿದ ಭಕ್ತಿಯನ್ನೂ ಇದಕ್ಕೆ ಸಾಕ್ಷಿಯಾಗಿ ಎಳೆದು ತರಬಾರದು. ಆದರೆ ಲಿಂಗಕ್ಕೆ ಬೇಕಾದ ಯೋಗ್ಯತೆ ದೇಹದ ಸ್ವಭಾವದಲ್ಲಿಲ್ಲ ಎಂಬುದು ಆ ವಚನದಿಂದ ನಿಸ್ಸಂಶಯವಾಗಿ ತಿಳಿಯುತ್ತದೆ. ಆದ್ದರಿಂದ ಅವನಿಗೆ "ಉಳಿದಿದೆ, ಪೂಜೆ ಬಿಡಬೇಡ" ಎಂದು ಇಂದೇ ಹೇಳಿ. ಅಣ್ಣನವರೊಡನೆ ಆಡುವ ಮಾತು ಆಮೇಲಿನದು.

"ಸಮಾಜ ಒಪ್ಪದ್ದು ಅಧರ್ಮ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣರಾಗಿದ್ದ ಮಧುವರಸರ ಮಗಳಿಗೂ ನಡೆದ ಮದುವೆಯನ್ನು ಘೋರ ಪಾಪವೆಂದವರ ಕೈಯಲ್ಲಿ ಶಾಸ್ತ್ರವಿತ್ತು, ಅರಸನ ಬಲವೂ ಇತ್ತು. ಅದಕ್ಕಾಗಿ ಪ್ರಾಣ ತೆತ್ತ ಆ ತಂದೆಯರನ್ನು ಇಂದು ನಿಮ್ಮದೇ ಜಿಲ್ಲೆಯ ಬಸವಕಲ್ಯಾಣದಲ್ಲಿ ನಾವು ಕೈಮುಗಿದು ನೆನೆಯುತ್ತೇವೆ. ಅದೂ ಇದೂ ಒಂದೇ ಎಂದು ನಾನು ಹೇಳುತ್ತಿಲ್ಲ. ಊರಿನವರ ಅಸಹ್ಯವು ಧರ್ಮದ ಅಳತೆಗೋಲಾಗಲಾರದು ಎಂದಷ್ಟೇ ಹೇಳುತ್ತಿದ್ದೇನೆ. ಇನ್ನೊಂದು ವಿಷಯ. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯದಲ್ಲಿ ಗಂಡಸು ಗಂಡಸಿನೊಡನೆ ಕೂಡಿದರೆ ಉಟ್ಟ ಬಟ್ಟೆಯಲ್ಲೇ ಸ್ನಾನ ಮಾಡಬೇಕೆಂದಿದೆ. ಹಗಲಿನಲ್ಲಿ ಹೆಣ್ಣನ್ನು ಕೂಡಿದವನಿಗೂ ಅದೇ ಶ್ಲೋಕ ಅದೇ ಸ್ನಾನವನ್ನು ವಿಧಿಸುತ್ತದೆ. ಇಂಥ ಕೂಟಕ್ಕೆ ಜೀವಾವಧಿಯವರೆಗೆ ಶಿಕ್ಷೆ ಕೊಡುತ್ತಿದ್ದ 377ನೇ ಕಲಮು ಬಂದದ್ದು 1860ರಲ್ಲಿ ಇಂಗ್ಲಿಷರು ಮಾಡಿದ ದಂಡ ಸಂಹಿತೆಯಿಂದ.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಆ ಫೋಟೊದಲ್ಲಿರುವ ಹುಡುಗಿ. ಅವಳು ಯಾವ ಪಾಪವನ್ನೂ ಮಾಡಿಲ್ಲ. "ಹುಸಿಯ ನುಡಿಯಲು ಬೇಡ" ಎಂದ ಬಸವಣ್ಣನವರ ಹೆಸರು ಹೇಳಿಕೊಂಡು, ವಿಷಯ ಮುಚ್ಚಿಟ್ಟು, ಅವಳ ಕೊರಳಿಗೆ ತಾಳಿ ಕಟ್ಟಿಸುವುದು ಯಾವ ಆಚಾರ? ಮಕ್ಕಳಾಗದಿದ್ದರೆ ನಾಳೆ ದೇವರಿಂದ ದೇವರಿಗೆ ಹರಕೆ ಹೊತ್ತು ತಿರುಗುವವಳೂ, "ನಿನ್ನಲ್ಲೇ ದೋಷ" ಎಂದು ಮಾತು ಕೇಳುವವಳೂ ಅವಳೇ.

ಕಲಬುರಗಿ, ದರ್ಗಾ ರಸ್ತೆಯ ಕಡೆಯವನು

ನಮಸ್ಕಾರ. ನಾನು ಮುಸ್ಲಿಂ, ನನ್ನ ನಂಬಿಕೆಯನ್ನು ಮರೆಮಾಚದೆ ಹೇಳುತ್ತೇನೆ. ಪ್ರವಾದಿ ಲೂತ್ ಅವರ ಜನಾಂಗದ ಗಂಡಸರು ಗಂಡಸರನ್ನೇ ಬಯಸಿ ದೇವರ ಶಿಕ್ಷೆಗೆ ಗುರಿಯಾದ ವೃತ್ತಾಂತ ಕುರ್‌ಆನಿನಲ್ಲಿ ಹಲವೆಡೆ ಬರುತ್ತದೆ, ಅದರ ಆಧಾರದ ಮೇಲೆ ನಮ್ಮ ಧರ್ಮಪಂಡಿತರಾದ ಉಲೇಮಾಗಳು ಈ ಕೃತ್ಯವನ್ನು ಹರಾಮ್, ಅಂದರೆ ನಿಷಿದ್ಧ ಎಂದೇ ಹೇಳುತ್ತ ಬಂದಿದ್ದಾರೆ. ಆ ವೃತ್ತಾಂತ ಬಲಾತ್ಕಾರದ ಕುರಿತದ್ದು ಎಂದು ಅರ್ಥೈಸುವ ಕೆಲವು ಹೊಸ ವಿದ್ವಾಂಸರಿದ್ದಾರೆ. ನನಗೆ ಆ ವ್ಯಾಖ್ಯಾನ ಒಪ್ಪಿಗೆಯಾಗಿಲ್ಲ. ಆದರೆ ಮನಸ್ಸಿನಲ್ಲಿ ತಾನಾಗಿ ಹುಟ್ಟುವ ಆಕರ್ಷಣೆಗೆ ಯಾರೂ ಪಾಪಿಯಾಗುವುದಿಲ್ಲ, ಲೆಕ್ಕ ಕೊಡಬೇಕಾದದ್ದು ಮಾಡಿದ ಕೆಲಸಕ್ಕೆ ಎಂಬುದೂ ನಾನು ಹಿರಿಯರಿಂದ ಕಲಿತದ್ದೇ. ಅಲ್ ಹುಜುರಾತ್ ಅಧ್ಯಾಯದಲ್ಲಿ ಇತರರ ಗುಟ್ಟು ಹುಡುಕಬೇಡಿ ಎಂಬ ಆಜ್ಞೆಯಿದೆ, ಬೆನ್ನ ಹಿಂದೆ ನಿಂದಿಸುವುದನ್ನು ಸತ್ತ ಸಹೋದರನ ಮಾಂಸ ತಿನ್ನುವುದಕ್ಕೆ ಹೋಲಿಸಲಾಗಿದೆ. ಹೀಗಿರುವಾಗ ಅವನನ್ನು ಹೀಯಾಳಿಸುವ, ಹೊಡೆಯುವ, ಮನೆಯಿಂದ ಹೊರಗಟ್ಟುವ ಹಕ್ಕು ಯಾರಿಗೂ ಇಲ್ಲ. ಮದುವೆಯ ವಿಷಯದಲ್ಲಿ ಶಿಕ್ಷಕಿಯವರ ಮಾತು ಪೂರ್ತಿ ನಿಜ. ಮೋಸದ ನಿಕಾಹ್ ನಮ್ಮಲ್ಲಿಯೂ ಪುಣ್ಯದ ಕೆಲಸವಲ್ಲ. ಅವನು ಬ್ರಹ್ಮಚರ್ಯದಿಂದ ಇರಲಿ ಎಂಬುದು ನನ್ನ ಸಲಹೆ.

ಯಾದಗಿರಿಯ ನಿವೃತ್ತ ಶಿಕ್ಷಕಿ

ಅಣ್ಣಾವ್ರೇ, ನಿಮ್ಮ ನೇರ ಮಾತನ್ನು ಗೌರವಿಸುತ್ತೇನೆ. ಆದರೆ ಬ್ರಹ್ಮಚರ್ಯವನ್ನು ತಾನಾಗಿ ಆರಿಸಿಕೊಂಡರೆ ಅದು ವ್ರತ. ಇಪ್ಪತ್ತು ಚಿಲ್ಲರೆ ವಯಸ್ಸಿನವನ ಮೇಲೆ ಉಳಿದವರು ಹೊರಿಸಿದರೆ ಅದು ಶಿಕ್ಷೆಯಾಗುತ್ತದೆ. ಕಾಯಿಲೆ ಬಿದ್ದಾಗ ಪಕ್ಕದಲ್ಲಿ ಕೂರುವವರು ಯಾರೂ ಇಲ್ಲದ ಮುಪ್ಪನ್ನು ಅವನಿಗೆ ವಿಧಿಸುವ ಅಧಿಕಾರ ನನಗಿದೆ ಎಂದು ನಾನು ನಂಬಲಾರೆ.

ಬೀದರಿನ ಕ್ರೈಸ್ತ ಸಹೋದರಿ

ನಮ್ಮ ಸಭೆಗಳಲ್ಲಿಯೂ ಇದು ತೀರದ ಚರ್ಚೆ. ಕ್ಯಾಥೊಲಿಕ್ ಸಭೆಯು ಮದುವೆಯ ಬೋಧನೆಯನ್ನು ಬದಲಿಸದೆಯೇ, 2023ರ ಡಿಸೆಂಬರಿನಲ್ಲಿ ಸಲಿಂಗ ಜೋಡಿಗಳು ಆಶೀರ್ವಾದ ಕೇಳಿ ಬಂದರೆ ಪಾದ್ರಿಗಳು ವಿಧಿವತ್ತಾದ ಆರಾಧನೆಯ ಹೊರಗೆ ಆಶೀರ್ವದಿಸಬಹುದು ಎಂದಿತು. ಅದನ್ನು ಒಪ್ಪದ ಬಿಷಪರೂ ಇದ್ದಾರೆ. ನಾನು ಅವನಿಗಾಗಿ ಪ್ರಾರ್ಥಿಸುತ್ತೇನೆ. ಅವನು ಬದಲಾಗಲಿ ಎಂದಲ್ಲ, ಅವನು ಬದುಕಿರಲಿ ಎಂದು.

ಕಲಬುರಗಿಯ ಆಪ್ತ ಸಮಾಲೋಚಕಿ

ಸರ್, ಸಹೋದರಿಯವರ ಕೊನೆಯ ಮಾತನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. "ಬದುಕುವುದೇ ಬೇಡವೆನಿಸುತ್ತಿದೆಯೇ?" ಎಂದು ಅವನನ್ನು ನೇರವಾಗಿ ಕೇಳಿ, ಹಾಗೆ ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು. ಅವನ ಆಕರ್ಷಣೆಯನ್ನು ವಾಸಿಮಾಡುತ್ತೇವೆ ಎನ್ನುವವರ ಬಳಿಗೆ ಮಾತ್ರ ಕರೆದೊಯ್ಯಬೇಡಿ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿಯೇ ಸಲಿಂಗಾಕರ್ಷಣೆಯನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ. ಇಂಥ "ಪರಿವರ್ತನಾ ಚಿಕಿತ್ಸೆ" ವೈದ್ಯರ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತಿಳಿಸಿದೆ. ಕಾನೂನನ್ನು ನೀವು ಕೇಳಿಲ್ಲ, ಆದರೂ ಅಣ್ಣನವರ ಭಯ ಕಳೆಯಲು ಬೇಕಾದೀತು: ವಯಸ್ಕರ ಸಮ್ಮತಿಯ ಸಂಬಂಧ 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಅಪರಾಧವಲ್ಲ, ಸಲಿಂಗ ವಿವಾಹಕ್ಕೆ ಮಾತ್ರ 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಮಾನ್ಯತೆ ಸಿಗಲಿಲ್ಲ.

ಇನ್ನೊಂದು ಎಚ್ಚರ. ಅವನು ನಂಬಿ ಹೇಳಿದ್ದು ನಿಮಗೆ. ಅವನ ಒಪ್ಪಿಗೆ ಇಲ್ಲದೆ ಅಣ್ಣನವರ ಕಿವಿಗೆ ಹಾಕಬೇಡಿ, ಅದು ಒಳ್ಳೆಯದಕ್ಕೇ ಎಂದು ನಿಮಗೆ ಎಷ್ಟೇ ಅನಿಸಿದರೂ.

ಪ್ರಶ್ನೆ ಕೇಳಿದ ಕಾಕಾ

ಎಲ್ಲರಿಗೂ ಕೃತಜ್ಞತೆಗಳು. ರಾತ್ರಿ ಅವನೊಡನೆ ಫೋನಿನಲ್ಲಿ ಮಾತನಾಡಿದೆ. ಲಿಂಗದ ವಿಷಯ ಮೊದಲು ಹೇಳಿದೆ. ಬಹಳ ಹೊತ್ತು ಅತ್ತ. ಸಾಯುವ ಯೋಚನೆ ಹಿಂದೆ ಬಂದಿತ್ತು, ಈಗ ಇಲ್ಲ ಎಂದ. ತಂದೆಗೆ ಹೇಳಲು ಇನ್ನೂ ಧೈರ್ಯ ಸಾಲದು, ಸ್ವಲ್ಪ ಕಾಲ ಬೇಕು ಎಂದು ಕೇಳಿಕೊಂಡಿದ್ದಾನೆ. ಆದ್ದರಿಂದ ಅವನ ಗುಟ್ಟನ್ನು ಎತ್ತದೆ, ಹುಡುಗ ಮದುವೆಗೆ ಮನಸ್ಸು ಮಾಡಿಲ್ಲವೆಂದಷ್ಟೇ ಅಣ್ಣನಿಗೆ ತಿಳಿಸಿ, ಕಲಬುರಗಿಯವರ ಬಯೋಡೇಟಾವನ್ನು ಈ ವಾರವೇ ಮರಳಿಸುವಂತೆ ಒತ್ತಾಯಿಸುತ್ತೇನೆ. ಅಣ್ಣ ಸಿಟ್ಟಾಗುವುದು ಖಚಿತ, ಆ ಸಿಟ್ಟು ನನ್ನ ಮೇಲೆ ಇರಲಿ.