ಬಿಡಿ ಅಮೈನೋ ಆಮ್ಲವೋ, ಪೆಪ್ಟೈಡ್ ತುಣುಕೋ: ಕರುಳು ಯಾವುದನ್ನು ಬೇಗ ಹೀರುತ್ತದೆ?

ಪ್ರಶ್ನೆ: ಬಿಡಿ ಅಮೈನೋ ಆಮ್ಲಗಳ (ಪ್ರೋಟೀನನ್ನು ಕಟ್ಟುವ ಮೂಲ ಘಟಕಗಳ) ಪುಡಿಗೆ ಜೀರ್ಣಕ್ರಿಯೆಯೇ ಬೇಕಿಲ್ಲ, ಆದ್ದರಿಂದ ಅದು ವೇ (ಹಾಲೊಡೆದಾಗ ಉಳಿಯುವ ನೀರಿನ) ಪ್ರೋಟೀನ್‌ಗಿಂತಲೂ ಪೆಪ್ಟೈಡ್ (ಅಮೈನೋ ಆಮ್ಲಗಳ ಚಿಕ್ಕ ಸರಪಣಿ) ಪುಡಿಗಿಂತಲೂ ಬೇಗ ರಕ್ತ ಸೇರುತ್ತದೆ ಎಂದು ನಮ್ಮ ಜಿಮ್ ತರಬೇತುದಾರರು ಹೇಳುತ್ತಾರೆ. ಇದು ಸರಿಯೇ, ಡಾಕ್ಟರೇ?

ಉತ್ತರ: ತರ್ಕವೇನೋ ಒಪ್ಪುವಂತಿದೆ, ಆದರೆ ಕರುಳಿನ ವ್ಯವಸ್ಥೆ ಬೇರೆಯೇ ಇದೆ. ಬೇಳೆಯದಾಗಲಿ ಮೊಟ್ಟೆಯದಾಗಲಿ, ಪ್ರೋಟೀನನ್ನು ಪೆಪ್ಸಿನ್, ಟ್ರಿಪ್ಸಿನ್ ಮೊದಲಾದ ಕಿಣ್ವಗಳು ಕತ್ತರಿಸಿದ ಮೇಲೆ ಸಣ್ಣಕರುಳಿನಲ್ಲಿ ಬಿಡಿ ಅಮೈನೋ ಆಮ್ಲಗಳಿಗಿಂತ ಚಿಕ್ಕ ತುಣುಕುಗಳೇ ಹೆಚ್ಚಾಗಿರುತ್ತವೆ. ಎರಡು ಅಥವಾ ಮೂರು ಅಮೈನೋ ಆಮ್ಲಗಳ ಅಂಥ ತುಣುಕನ್ನು ಒಡೆಯದೆ ಹಾಗೆಯೇ ಜೀವಕೋಶದೊಳಕ್ಕೆ ಎಳೆದುಕೊಳ್ಳಲು ಪೆಪ್ಟ್-1 ಎಂಬ ವಾಹಕವಿದೆ. ಅದರ ಜೀನನ್ನು ಮೊದಲು ಪ್ರತ್ಯೇಕಿಸಿದ್ದು 1994ರಲ್ಲಿ, ಮೊಲದ ಕರುಳಿನಿಂದ. ಇಪ್ಪತ್ತು ಅಮೈನೋ ಆಮ್ಲಗಳಿಂದ 400 ಬಗೆಯ ಜೋಡಿಗಳೂ 8,000 ಬಗೆಯ ಮೂರರ ಸರಗಳೂ ಆಗಬಲ್ಲವು, ಬಹುಪಾಲು ಎಲ್ಲಕ್ಕೂ ಈ ಒಂದೇ ಬಾಗಿಲು ಸಾಕು. (ನೀವು ಗಂಟಲುನೋವಿಗೆ ನುಂಗುವ ಸೆಫಲೆಕ್ಸಿನ್ ಎಂಬ ಆ್ಯಂಟಿಬಯೋಟಿಕ್ ಕೂಡ ಪೆಪ್ಟೈಡಿನ ಹೋಲಿಕೆಯಿಂದಾಗಿ ಇಲ್ಲೇ ನುಸುಳುತ್ತದೆ.) ಬಿಡಿ ಅಮೈನೋ ಆಮ್ಲಗಳಿಗಾದರೋ ಗುಂಪಿಗೊಂದರಂತೆ ಬೇರೆ ಬೇರೆ ವಾಹಕಗಳಿದ್ದು, ಲ್ಯೂಸಿನ್, ವ್ಯಾಲಿನ್, ಮಿಥಿಯೊನಿನ್‌ಗಳಂಥವು ಒಂದೇ ವಾಹಕಕ್ಕಾಗಿ ನೂಕಾಡುತ್ತವೆ. ಹಾಗಾಗಿ ಅಷ್ಟೇ ಪ್ರಮಾಣದ ಅಮೈನೋ ಆಮ್ಲಗಳು ಚಿಕ್ಕ ಪೆಪ್ಟೈಡ್ ರೂಪದಲ್ಲಿದ್ದರೆ ಸಾಮಾನ್ಯವಾಗಿ ಇನ್ನೂ ಬೇಗ ಒಳಸೇರುತ್ತವೆ.

ಇದಕ್ಕೆ ನನಗೆ ಅತ್ಯಂತ ಮನವರಿಕೆ ಮಾಡಿಸಿದ ಸಾಕ್ಷಿ 1956ರಲ್ಲಿ ಲಂಡನ್ನಿನ ವೈದ್ಯರು ವರ್ಣಿಸಿದ ಹಾರ್ಟ್‌ನಪ್ ಕಾಯಿಲೆ. ಅದರಲ್ಲಿ ಟ್ರಿಪ್ಟೊಫ್ಯಾನ್ ಸೇರಿದಂತೆ ತಟಸ್ಥ (ವಿದ್ಯುದಾವೇಶವಿಲ್ಲದ) ಅಮೈನೋ ಆಮ್ಲಗಳ ವಾಹಕವೇ ಕೆಟ್ಟಿರುತ್ತದೆ. ಬಿಡಿಯಾಗಿ ಕೊಟ್ಟ ಅಮೈನೋ ಆಮ್ಲ ಸರಿಯಾಗಿ ಒಳಸೇರದ ಇಂಥವರಲ್ಲಿ, ಅದನ್ನೇ ಜೋಡಿಯಾಗಿ ಕೊಟ್ಟಾಗ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಕೆಲವರಿಗೆ ಪೆಲಾಗ್ರಾದಂಥ (ನಯಾಸಿನ್ ಎಂಬ ಬಿ ವಿಟಮಿನ್ ಕೊರತೆಯ ಕಾಯಿಲೆಯಂಥ) ಚರ್ಮದ ಉರಿ ಕಾಣಿಸಿದರೂ ಬಹಳಷ್ಟು ಜನ ಆರೋಗ್ಯವಾಗಿಯೇ ಇರುವುದಕ್ಕೆ ಈ ಎರಡನೆಯ ದಾರಿಯೂ ಒಂದು ಕಾರಣ.

ಮರುಪ್ರಶ್ನೆ (ಇನ್ನೊಬ್ಬ ಸದಸ್ಯೆಯಿಂದ): ಹಾಗಾದರೆ ಕೊಲಾಜೆನ್ (ಚರ್ಮಕ್ಕೆ ಬಿಗಿ ಕೊಡುವ ಪ್ರೋಟೀನ್) ಪೆಪ್ಟೈಡ್ ಒಡೆಯದೆಯೇ ಚರ್ಮವನ್ನು ತಲುಪುತ್ತದೆಯೇ?

ಉತ್ತರ: ಕರುಳಿನ ಜೀವಕೋಶವನ್ನು ಹೊಕ್ಕ ತುಣುಕುಗಳಲ್ಲಿ ಹೆಚ್ಚಿನವನ್ನು ಅಲ್ಲಿನ ಪೆಪ್ಟಿಡೇಸ್ ಕಿಣ್ವಗಳು ಕೂಡಲೇ ಒಡೆದುಬಿಡುತ್ತವೆ, ಯಕೃತ್ತಿನತ್ತ ಹೊರಡುವ ರಕ್ತಕ್ಕೆ ಸೇರುವುದು ಮುಖ್ಯವಾಗಿ ಬಿಡಿ ಅಮೈನೋ ಆಮ್ಲಗಳೇ. ಕೊಲಾಜೆನ್‌ನ ಪ್ರೊಲಿನ್–ಹೈಡ್ರಾಕ್ಸಿಪ್ರೊಲಿನ್ ಜೋಡಿಯಂಥ ಒಡೆಯಲು ಕಷ್ಟವಾದ ಕೆಲವು ಮಾತ್ರ ಉಳಿದು ರಕ್ತದಲ್ಲಿ ಕಾಣಸಿಗುತ್ತವೆ. ರಕ್ತದಲ್ಲಿ ಕಂಡಿತೆಂಬ ಮಾತ್ರಕ್ಕೆ ಚರ್ಮದ ಸುಕ್ಕು ಹೋಗುತ್ತದೆ ಎನ್ನಲು ಬರುವುದಿಲ್ಲ.

ಮೊದಲ ಪ್ರಶ್ನೆ ಕೇಳಿದವರಿಗೆ: ನಿಮ್ಮ ಕರುಳೂ ಮೇದೋಜ್ಜೀರಕ ಗ್ರಂಥಿಯೂ ಸರಿಯಾಗಿದ್ದರೆ ಕತ್ತರಿಸುವ ಕೆಲಸವನ್ನು ಅವಕ್ಕೇ ಬಿಡಿ, ದುಬಾರಿ ಪುಡಿಗಿಂತ ದಿನದ ಒಟ್ಟು ಪ್ರೋಟೀನ್ ಎಷ್ಟೆಂದು ನೋಡಿಕೊಳ್ಳಿ. ಬಿಡಿ ಅಮೈನೋ ಆಮ್ಲಗಳ ಮಿಶ್ರಣಕ್ಕೆ ನಿಜವಾದ ಸ್ಥಾನವಿರುವುದು ಫೀನೈಲ್‌ಕೀಟೋನ್ಯೂರಿಯಾ (ಫೀನೈಲ್‌ಅಲನಿನ್ ಎಂಬ ಅಮೈನೋ ಆಮ್ಲವನ್ನು ದೇಹ ಸರಿಯಾಗಿ ಬಳಸಲಾಗದ ಹುಟ್ಟು ಕಾಯಿಲೆ) ಇರುವವರಿಗೆ ಮತ್ತು ಹಾಲಿನ ಪ್ರೋಟೀನ್ ತೀವ್ರವಾಗಿ ಒಗ್ಗದ ಶಿಶುಗಳಿಗೆ. ಸಣ್ಣ ಅಣುಗಳು ಹೆಚ್ಚಿದಷ್ಟೂ ದ್ರಾವಣವು ಕರುಳಿನೊಳಕ್ಕೆ ನೀರನ್ನು ಸೆಳೆಯುವುದರಿಂದ, ದೊಡ್ಡ ಲೋಟದಷ್ಟನ್ನು ಗಟ್ಟಿಯಾಗಿ ಕಲಸಿ ಒಂದೇ ಸಲಕ್ಕೆ ಕುಡಿದವರಿಗೆ ಹೊಟ್ಟೆ ನುಲಿದು ಭೇದಿಯಾಗುವುದೂ ಉಂಟು.