ಆಲ್ಬಟ್ರಾಸ್ ಮೈಗೆ ಮರದ ಗೆರೆ, ರೆಕ್ಕೆಗೆ ಬಟ್ಟೆ: ಎಷ್ಟು ಕಾಣಬೇಕು?

ಬಹಮನಿ_ಬೈಪ್ಲೇನ್ (ಕಲಬುರಗಿ)
ಎಲ್ಲರಿಗೂ ನಮಸ್ಕಾರ. 1/48 ಅಳತೆಯ ಆಲ್ಬಟ್ರಾಸ್ ಡಿ-5ಎ ಪ್ಲಾಸ್ಟಿಕ್ ಮಾಡೆಲ್‌ನ ಮೈ ಮುಗಿಸಿದ್ದೀನಿ, ಫೋಟೋ ಹಾಕಿದ್ದೀನಿ. ಮೊದಲ ಮಹಾಯುದ್ಧದ ಈ ಜರ್ಮನ್ ವಿಮಾನದ ಮೈ ಪೂರಾ ಪ್ಲೈವುಡ್. ಎಷ್ಟೋ ವಿಮಾನಗಳಿಗೆ ಬಣ್ಣ ಕೂಡ ಇರಲಿಲ್ಲ, ಬರೀ ವಾರ್ನಿಶ್. ಆ ಮರ ಕಣ್ಣಿಗೆ ಹೊಡೆದು ಕಾಣದಿದ್ದರೆ ಆಲ್ಬಟ್ರಾಸ್ ಮಾಡಿ ಏನು ಬಂತು?

ಮಾಡಿದ್ದು ಹೀಗೆ. ಮೊದಲು ಟಾಮಿಯಾ ಕಂಪನಿಯ ಬಫ್ (ತಿಳಿ ಕಂದು) ಬಣ್ಣ, ಏರ್‌ಬ್ರಷ್‌ನಲ್ಲಿ (ಗಾಳಿಯಿಂದ ಬಣ್ಣ ಸಿಂಪಡಿಸೋ ಪೆನ್ನು). ಪೂರ್ತಿ ಒಣಗಿದ ಮೇಲೆ ಬರ್ನ್ಟ್ ಅಂಬರ್ (ಗಾಢ ಕಂದು) ಆಯಿಲ್ ಪೇಂಟ್, ಟ್ಯೂಬಿನಿಂದ ತೆಗೆದು ಹಾಗೇ, ಟರ್ಪೆಂಟೈನ್ ಸೇರಿಸದೆ. ಒಂದೊಂದು ಪ್ಲೈ ಹಾಳೆಯ ಅಂಚಿಗೂ ಟೇಪ್ ಅಂಟಿಸಿ ಬೇರೆ ಬೇರೆಯಾಗಿ ಹಚ್ಚಿದ್ದು. ಸ್ವಲ್ಪ ಹೊತ್ತು ಬಿಟ್ಟು, ಬಿರುಸು ಕೂದಲಿನ ಹಳೇ ಬ್ರಷ್ ಹಿಡಿದು ಮೂತಿಯಿಂದ ಬಾಲಕ್ಕೆ ಒಂದೇ ದಿಕ್ಕಿನಲ್ಲಿ ಎಳೆಯೋದು. ಬ್ರಷ್ ಕೂದಲೇ ಗೆರೆ ಬಿಡುತ್ತೆ. ಅದು ಒಣಗಿದ ಮೇಲೆ ಕ್ಲಿಯರ್ ಆರೆಂಜ್‌ಗೆ ಥಿನ್ನರ್ ಜಾಸ್ತಿ ಹಾಕಿ ಮೇಲೊಂದು ತೆಳು ಕೋಟ್. ವಾರ್ನಿಶ್ ಬಣ್ಣ ಅಲ್ಲಿಂದ ಬರುತ್ತೆ.

ಇನ್ನು ರೆಕ್ಕೆ ಬಾಕಿ. ರಿಬ್‌ಗಳ (ರೆಕ್ಕೆಗೆ ಆಕಾರ ಕೊಡೋ ಒಳಗಿನ ಅಡ್ಡ ಪಟ್ಟಿಗಳ) ನಡುವೆ ಬಟ್ಟೆ ತಗ್ಗಿರೋದನ್ನ ಶೇಡ್ ಮಾಡಿ ತೋರಿಸಬೇಕು ಅಂತಿದ್ದೀನಿ. ಹೇಗೆ ಅಂತ ಹೇಳಿ.

ಉಳಿ_ಬಾಚಿ (ಬೀದರ್)
ಕೈ ಚೆನ್ನಾಗಿ ಕೂತಿದೆ ರೀ. ಆದರೆ ಮರ ತಪ್ಪಾಗಿದೆ. ನಮ್ಮದು ಬಡಿಗತನದ ಮನೆ, ಅದಕ್ಕೇ ಹೇಳ್ತಿದ್ದೀನಿ. ಆಲ್ಬಟ್ರಾಸ್ ಮೈಗೆ ಹಾಕಿದ್ದು ಬರ್ಚ್ ಪ್ಲೈ. ಬರ್ಚ್ ಬಿಳಿಚು ಮರ, ಗೆರೆ ಇದ್ದೂ ಇಲ್ಲದಂತೆ. ಪ್ಲೈಗೆ ಹಾಳೆ ತೆಗೆಯುವಾಗ ದಿಮ್ಮಿಯನ್ನ ತಿರುಗಿಸುತ್ತಾ ಉದ್ದನೆ ಅಲಗಿನಿಂದ ಎಬ್ಬಿಸ್ತಾರೆ. ಹಾಗೆ ಬಂದ ಹಾಳೆಯಲ್ಲಿ ಒತ್ತೊತ್ತು ನೇರ ಗೆರೆ ಇರೋದಿಲ್ಲ. ಅಗಲವಾದ, ಮಸುಕಾದ, ಅಲೆ ಅಲೆ ಗುರುತು ಇರುತ್ತೆ. ನೀವು ಎಳೆದಿರೋದು ಸಾಗವಾನಿ. ಬರ್ನ್ಟ್ ಅಂಬರ್ ಬಿಟ್ಟು ರಾ ಸಿಯೆನ್ನಾ (ಹಳದಿ ಕಂದು) ಹಿಡೀರಿ.

ಭೀಮಾತೀರ (ಕಲಬುರಗಿ)
ಬರ್ಚೋ ಸಾಗವಾನಿಯೋ, ಪ್ರಶ್ನೆ ಅದಲ್ಲ. ಲೆಕ್ಕ ಹಾಕಿ. 1/48ರಲ್ಲಿ 1 ಮಿ.ಮೀ. ಅಂದರೆ ನಿಜದಲ್ಲಿ 48 ಮಿ.ಮೀ. ಫೋಟೋ ಹಿಗ್ಗಿಸಿ ನೋಡಿದೆ, ಕಾಕ್‌ಪಿಟ್ ಹಿಂದೆ ಗೆರೆಗಳು ಅರ್ಧ ಮಿ.ಮೀ. ದಪ್ಪ ಇವೆ. ಅಂದರೆ 24 ಮಿ.ಮೀ., ಹೆಬ್ಬೆರಳಿನ ಅಗಲ. ಅಂಥ ಗೆರೆ ಯಾವ ಮರದಲ್ಲಿದೆ? ಮಾಡೆಲನ್ನ 30 ಸೆಂ.ಮೀ. ದೂರ ಹಿಡಿದು ನೋಡೋದು ಅಂದರೆ ನಿಜವಾದ ವಿಮಾನವನ್ನ 14 ಮೀಟರ್ ಆಚೆಯಿಂದ ನೋಡೋದು. ಅಲ್ಲಿಂದ ಬರ್ಚ್ ಗೆರೆ ಯಾರಿಗೂ ಕಾಣೋದಿಲ್ಲ. ಹಾಳೆಯಿಂದ ಹಾಳೆಗೆ ಛಾಯೆ ಸ್ವಲ್ಪ ಬದಲಿಸಿ, ಮುಗೀತು.

ರೆಕ್ಕೆ ವಿಷಯ. ಬಟ್ಟೆ ತಗ್ಗಿರೋದೇ ಇಲ್ಲ. ಡೋಪ್ (ಬಟ್ಟೆ ಬಿಗಿಯಾಗಿಸೋ ವಾರ್ನಿಶ್‌ನಂಥ ದ್ರಾವಣ) ಹಚ್ಚಿದ ಲಿನನ್ ಕಾಸಿದ ಹಲಗೆಯ ಚರ್ಮದ ಹಾಗೆ ಬಿಗಿಯಾಗಿರುತ್ತೆ. ಕಿಟ್ ಮಾಡೋರು ಸುಮ್ನೆ ತಗ್ಗು ಕೊಟ್ಟಿರ್ತಾರೆ. ಸ್ಯಾಂಡ್ ಪೇಪರ್ ಹಿಡಿದು ತಿಕ್ಕಿ ತೆಗೀರಿ.

ಸಗರನಾಡು (ಸುರಪುರ)
"ಹಲಗೆಯ ಚರ್ಮದ ಹಾಗೆ" ಅಂದಿರಿ. ಹಲಗೆ ಚಪ್ಪಟೆ, ಸರ್. ರೆಕ್ಕೆಯ ಮೇಲ್ಮೈ ಉಬ್ಬು. ಉಬ್ಬಿದ ಆಕಾರದ ಮೇಲೆ ಬಟ್ಟೆಯನ್ನ ಮುಂದಿನಿಂದ ಹಿಂದಕ್ಕೆ ಬಿಗಿದರೆ ಏನಾಗುತ್ತೆ? ರಿಬ್ ಇರೋ ಕಡೆ ರಿಬ್ ಎತ್ತಿ ಹಿಡಿಯುತ್ತೆ. ಎರಡು ರಿಬ್ ನಡುವೆ ಎತ್ತಿ ಹಿಡಿಯೋರು ಯಾರೂ ಇಲ್ಲ. ಅಲ್ಲಿ ಬಟ್ಟೆ ಅಡ್ಡದಾರಿ ಹಿಡಿದು ಕೆಳಗೆ ಇಳಿಯುತ್ತೆ. ಬಿಗಿ ಇರೋದಕ್ಕೇ ತಗ್ಗು ಬರೋದು, ಸಡಿಲಕ್ಕಲ್ಲ.

ಸಾಕ್ಷಿ ಬೇಕಾದರೆ ಹಿಂದಿನ ಅಂಚು ನೋಡಿ. ಆಲ್ಬಟ್ರಾಸ್‌ನಲ್ಲಿ ಅಲ್ಲಿ ಮರದ ಪಟ್ಟಿ ಇಲ್ಲ, ತಂತಿ ಇದೆ. ಡೋಪ್ ಒಣಗಿ ಬಟ್ಟೆ ಕುಗ್ಗಿದಾಗ ಆ ತಂತಿ ರಿಬ್ ರಿಬ್ ನಡುವೆ ಒಳಗೆ ಬಾಗಿ ಕಮಾನು ಕಮಾನು ಆಗಿದೆ. ತಂತಿಯನ್ನೇ ಬಗ್ಗಿಸಿದ ಬಟ್ಟೆ ಮೇಲೆ ಮಾತ್ರ ನೆಟ್ಟಗೆ ಇರುತ್ತಾ?

ಭೀಮಾತೀರ
"ಎತ್ತಿ ಹಿಡಿಯೋರು ಯಾರೂ ಇಲ್ಲ" ಅನ್ನೋದು ಪೂರ್ತಿ ಸುಳ್ಳು. ಆ ಕಾಲದ ಎಷ್ಟೋ ವಿಮಾನಗಳಲ್ಲಿ ಮುಂದಿನ ಅಂಚಿನ ಹತ್ತಿರ ದೊಡ್ಡ ರಿಬ್‌ಗಳ ನಡುವೆ ಮೋಟು ರಿಬ್ ಕೊಡ್ತಿದ್ದರು. ಯಾಕೆ ಕೊಟ್ಟರು? ಬಟ್ಟೆ ಇಳಿಯಬಾರದು ಅಂತ. ಇನ್ನೊಂದು, ಹಾರುವಾಗ ರೆಕ್ಕೆಯ ಮೇಲೆ ಗಾಳಿಯ ಒತ್ತಡ ಕಡಿಮೆ. ಬಟ್ಟೆ ಮೇಲಕ್ಕೆ ಉಬ್ಬುತ್ತೆ. ನಿಮ್ಮ ತಗ್ಗು ಆಗ ಎಲ್ಲಿ ಹೋಯ್ತು?

ಸಗರನಾಡು
"ಹಾರುವಾಗ". ಸರಿ. ಬಹಮನಿ ಅವರ ಮಾಡೆಲ್ ಚಕ್ರದ ಮೇಲೆ ನಿಂತಿದೆ, ಪ್ರೊಪೆಲ್ಲರ್ ತಿರುಗ್ತಿಲ್ಲ. ನಿಂತ ವಿಮಾನಕ್ಕೆ ಹಾರೋ ವಿಮಾನದ ಲೆಕ್ಕ ಯಾಕೆ ಹಚ್ತೀರಿ?

ಬಹಮನಿ_ಬೈಪ್ಲೇನ್
ರೆಕ್ಕೆ ಹಾಗಿರಲಿ. ಉಳಿ_ಬಾಚಿ ಅವರೇ, "ಬಿಳಿಚು ಮರ" ಅಂದ್ರಲ್ಲ, 1917ರ ಕಪ್ಪು ಬಿಳುಪು ಫೋಟೋ ತೆಗೆದು ನೋಡಿ. ಬಣ್ಣ ಹಚ್ಚದ ಆಲ್ಬಟ್ರಾಸ್ ಮೈ ಅಷ್ಟು ಗಾಢವಾಗಿ ಕಾಣುತ್ತೆ. ಬಿಳಿಚು ಮರ ಆಗಿದ್ದರೆ ಹಾಗೆ ಬರ್ತಿತ್ತಾ?

ಉಳಿ_ಬಾಚಿ
ಆ ಕಾಲದಲ್ಲಿ ಜಾಸ್ತಿ ಬಳಸ್ತಿದ್ದದ್ದು ಆರ್ಥೊಕ್ರೊಮ್ಯಾಟಿಕ್ ಫಿಲ್ಮ್. ಅದಕ್ಕೆ ಕೆಂಪು ಬೆಳಕು ತಾಗೋದೇ ಇಲ್ಲ, ಹಳದಿ ಕಿತ್ತಳೆ ಕೂಡ ಇರೋದಕ್ಕಿಂತ ಕಪ್ಪಾಗಿ ಬರುತ್ತೆ. ನೀಲಿ ಬೆಳ್ಳಗಾಗುತ್ತೆ. ಫೋಟೋದ ಕಪ್ಪು ನೋಡಿ ಮರದ ಬಣ್ಣ ಹೇಳೋಕೆ ಬರೋದಿಲ್ಲ.

ಬಹಮನಿ_ಬೈಪ್ಲೇನ್
ನೀವೇ ಹೇಳಿದ ಹಾಗಾಯ್ತು. ಹಳದಿ ಕಿತ್ತಳೆ ಇದ್ದದ್ದಕ್ಕೇ ಕಪ್ಪಾಗಿ ಬಂತು. ಅಂದರೆ ವಾರ್ನಿಶ್ ಕಿತ್ತಳೆ ಛಾಯೆಯದ್ದೇ. ನನ್ನ ಕ್ಲಿಯರ್ ಆರೆಂಜ್ ಸರಿ ಇದೆ.

ಉಳಿ_ಬಾಚಿ
ಆರೆಂಜ್ ಬಗ್ಗೆ ನಾನು ಒಂದು ಮಾತೂ ಆಡಿಲ್ಲ ರೀ. ಗೆರೆ ಬಗ್ಗೆ ಹೇಳಿದ್ದು. ಗೆರೆ.

ರಂಗೀನ್_ಮಹಲ್ (ಬೀದರ್)
ನಾನೂ ಒಂದು ಮಾತು ಹೇಳ್ತೀನಿ. ನಮ್ಮ ಊರಿನ ಆಕಾಶದಲ್ಲಿ ವಾಯುಪಡೆಯ ಸೂರ್ಯಕಿರಣ್ ತಂಡದ ಹಾಕ್ ಜೆಟ್ ನೋಡಿ ಬೆಳೆದವರು ನಾವು. ಅದರ ಮೈಮೇಲೆ ಒಂದು ಸುಕ್ಕು ಸಿಗೋದಿಲ್ಲ. ಆದರೆ ಇದೇ ವಾಯುಪಡೆಯ ಮೊದಲ ಸ್ಕ್ವಾಡ್ರನ್ 1933ರಲ್ಲಿ ಶುರುವಾಗಿದ್ದು ನಾಲ್ಕು ವಾಪಿಟಿ ಬೈಪ್ಲೇನ್‌ಗಳಿಂದ. ದೆಹಲಿಯ ಪಾಲಮ್ ಮ್ಯೂಸಿಯಂನಲ್ಲಿ ಒಂದು ವಾಪಿಟಿ ಇಟ್ಟಿದ್ದಾರೆ. ಹತ್ತಿರ ನಿಂತು ನೋಡಿದ್ದೀನಿ. ರೆಕ್ಕೆಯ ಬಟ್ಟೆ ಕೆಳಗೆ ರಿಬ್ ಸಾಲು ಒಂದೊಂದಾಗಿ ಎಣಿಸಬಹುದು. ಸಗರನಾಡು ಸರ್ ಹೇಳೋದೇ ಸರಿ.

ಮರದ ಗೆರೆಗೆ ಇಷ್ಟು ಕಷ್ಟ ಯಾಕೆ? ಮರದ ಗೆರೆ ಅಚ್ಚು ಹಾಕಿದ ವುಡ್ ಗ್ರೇನ್ ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸೋ ತೆಳು ಚಿತ್ರ) ಸಿಗುತ್ತೆ. ಅಂಟಿಸಿದರೆ ಆಯ್ತು.

ಬಹಮನಿ_ಬೈಪ್ಲೇನ್
"ಅಂಟಿಸಿದರೆ ಆಯ್ತು" ಅಂತ ಎಷ್ಟು ಸಲೀಸಾಗಿ ಹೇಳಿಬಿಟ್ರಿ! ಆಲ್ಬಟ್ರಾಸ್ ಮೂತಿ ಎರಡೂ ಕಡೆಗೆ ಬಾಗಿದೆ. ಅಲ್ಲಿ ಡೆಕಾಲ್ ಮಡಿಕೆ ಬೀಳುತ್ತೆ, ಕತ್ತರಿಸಿ ಕೂರಿಸಿದರೆ ಗೆರೆ ಒಂದಕ್ಕೊಂದು ಕೂಡೋದಿಲ್ಲ. ಅಲ್ಲದೆ ಕೈಯಲ್ಲಿ ಬ್ರಷ್ ಇರುವಾಗ ಬೇರೆಯವರು ಅಚ್ಚು ಹಾಕಿದ ಮರ ನನಗೆ ಬೇಡ.

ಭೀಮಾತೀರ
@ರಂಗೀನ್_ಮಹಲ್ ಮ್ಯೂಸಿಯಂ ವಿಮಾನ ಸಾಕ್ಷಿಯೇ ಅಲ್ಲ. ಬಟ್ಟೆ ಅಷ್ಟು ವರ್ಷ ತಡೆಯೋದಿಲ್ಲ. ದುರಸ್ತಿ ಮಾಡುವಾಗ ಹೊಸ ಬಟ್ಟೆ ಹಾಕ್ತಾರೆ, ಬಣ್ಣ ಮತ್ತೆ ಮತ್ತೆ ಹಚ್ತಾರೆ. ನೀವು ನೋಡಿದ್ದು ವಾಪಿಟಿಯ ಆಕಾರ ಅಷ್ಟೇ. ಇನ್ನು "ರಿಬ್ ಎಣಿಸಬಹುದು" ಅಂದಿರಿ. ರಿಬ್ ಮೇಲೆ ಬಟ್ಟೆಯನ್ನ ಹೊಲಿದು, ಹೊಲಿಗೆ ಮುಚ್ಚೋಕೆ ಮೇಲೊಂದು ಬಟ್ಟೆ ಪಟ್ಟಿ ಅಂಟಿಸ್ತಾರೆ. ನಿಮಗೆ ಕಂಡಿದ್ದು ಆ ಪಟ್ಟಿ, ತಗ್ಗಲ್ಲ.

ಸಗರನಾಡು
ಮ್ಯೂಸಿಯಂ ಸಾಕ್ಷಿ ಅಲ್ಲ ಅಂದರೆ ಉಳಿದ ಆಲ್ಬಟ್ರಾಸ್ ಡಿ-5ಎ ಎರಡೇ. ಒಂದು ವಾಷಿಂಗ್ಟನ್‌ನಲ್ಲಿ, ಇನ್ನೊಂದು ಕ್ಯಾನ್‌ಬೆರಾದಲ್ಲಿ. ಎರಡೂ ಮ್ಯೂಸಿಯಂನಲ್ಲೇ ಇರೋದು. ಅವೂ ಬೇಡ, ಫೋಟೋನೂ ಬೇಡ, ಹಾಗಾದರೆ ನಿಮ್ಮ "ತಗ್ಗಿಲ್ಲ" ಅನ್ನೋ ಮಾತು ಎಲ್ಲಿಂದ ಬಂತು?

ಭೀಮಾತೀರ
ಫೋಟೋ ಬೇಡ ಅಂತ ನಾನು ಹೇಳಲೇ ಇಲ್ಲ. ಅದು ಉಳಿ_ಬಾಚಿ ಹೇಳಿದ್ದು, ಅದೂ ಬಣ್ಣದ ವಿಷಯಕ್ಕೆ. ಓದದೆ ಉತ್ತರ ಕೊಡಬೇಡಿ ಡ್ರಾಯಿಂಗ್ ಮಾಸ್ತರ್ರೇ. ಹಳೇ ಫೋಟೋದಲ್ಲಿ ರೆಕ್ಕೆ ಮೇಲೆ ಓರೆ ಬಿಸಿಲು ಬಿದ್ದಿರುತ್ತೆ. ಓರೆ ಬಿಸಿಲಿಗೆ ಕೂದಲೆಳೆಯಷ್ಟು ಏರಿಳಿತವೂ ನೆರಳು ಬಿಡುತ್ತೆ. ಆ ನೆರಳನ್ನ ಅಳೆದು ಕಿಟ್‌ನಲ್ಲಿ ಅರ್ಧ ಮಿ.ಮೀ. ಹಳ್ಳ ತೋಡಿದ್ದಾರೆ. ನಿಜದಲ್ಲಿ ಅದು 24 ಮಿ.ಮೀ. ಹಳ್ಳ ಆಗುತ್ತೆ. ಅಂಥ ರೆಕ್ಕೆ ಹಾರುತ್ತಾ?

ಸಗರನಾಡು
"ಕೂದಲೆಳೆಯಷ್ಟು ಏರಿಳಿತವೂ" ಅಂದಿರಿ. ಅಂದರೆ ಏರಿಳಿತ ಇದೆ. ಬೆಳಿಗ್ಗೆಯಿಂದ ಇಲ್ಲವೇ ಇಲ್ಲ ಅಂತಿದ್ದವರು ಈಗ ಇದೆ ಅಂತಿದ್ದೀರಿ. ಅಷ್ಟು ಸಾಕು.

ಭೀಮಾತೀರ
ಏನು ಸಾಕು? ಮಾತಿನ ಬಾಲ ಹಿಡಿದು ಗೆದ್ದೆ ಅನ್ನೋದು ವಾದ ಅಲ್ಲ. ನಾನು ಹೇಳ್ತಿರೋದು ಅಳತೆ, ಎಷ್ಟಿದೆ ಅನ್ನೋದು. ಚಿತ್ರ ಬಿಡಿಸೋರಿಗೆ ನೆರಳು ಮಾತ್ರ ಕಾಣುತ್ತೆ, ನೆರಳು ಬಿಡೋ ವಸ್ತು ಕಾಣೋದಿಲ್ಲ. ಶಾಲೆಯಲ್ಲಿ ಹೇಳೋ ಡ್ರಾಯಿಂಗ್ ಪಾಠ ಇಲ್ಲಿ ನಡೆಯೋದಿಲ್ಲ.

ಸಗರನಾಡು
ಡ್ರಾಯಿಂಗ್ ಪಾಠದ ಬಗ್ಗೆ ಹಗುರಾಗಿ ಮಾತಾಡಬೇಡಿ. ಸುರಪುರದ ಹಳೇ ಚಿತ್ರಗಳಲ್ಲಿ ಒಂದು ಅಂಗೈ ಅಗಲದಲ್ಲಿ ಮುಖ, ಒಡವೆ, ಸೀರೆಯ ಅಂಚು ಎಲ್ಲ ಬಿಡಿಸಿದ್ದಾರೆ. ಸಣ್ಣ ಅಳತೆಯಲ್ಲಿ ಏನು ತೋರಿಸಬೇಕು ಅಂತ ನಮ್ಮ ಊರಿಗೆ ಯಾರೂ ಕಲಿಸಬೇಕಾಗಿಲ್ಲ. ಸಣ್ಣ ಮಾಡೆಲ್ ಮೇಲೆ ಬೀಳೋ ಬೆಳಕು ದೊಡ್ಡ ವಿಮಾನದ ಮೇಲೆ ಬೀಳೋ ಹಾಗೆ ಬೀಳೋದಿಲ್ಲ. ನೀವು ಹೇಳಿದ ಕೂದಲೆಳೆ ತಗ್ಗನ್ನ 48 ಪಾಲು ಮಾಡಿದರೆ ನೆರಳೇ ಸಿಗೋದಿಲ್ಲ. ಆ ನೆರಳನ್ನ ಬ್ರಷ್ ಹಾಕಬೇಕು. ಶೇಡ್ ಮಾಡೋದು ಅದಕ್ಕೆ. ಅದು ಗೊತ್ತಿಲ್ಲದೆ ಸ್ಯಾಂಡ್ ಪೇಪರ್ ಹಿಡೀರಿ ಅಂತ ಹೊಸಬರಿಗೆ ಹೇಳ್ತೀರಿ!

ಭೀಮಾತೀರ
ಬ್ರಷ್ ಹಾಕಬೇಕು ಅಂದಮೇಲೆ ಹಳ್ಳ ಯಾಕೆ ಬೇಕು? ತಿಕ್ಕಿ ಸಮ ಮಾಡಿ, ಆಮೇಲೆ ನೆರಳು ಬಣ್ಣದಲ್ಲಿ ಕೊಡಿ. ನಾನು ಹೇಳಿದ್ದನ್ನೇ ನೀವು ಹೇಳ್ತಿದ್ದೀರಿ, ಸಿಟ್ಟು ಮಾತ್ರ ಜಾಸ್ತಿ.

ಸಗರನಾಡು
ಸಿಟ್ಟು ಯಾರಿಗೆ ಬಂತು ಅಂತ ಮೇಲಿನ ಸಾಲು ಓದಿದವರಿಗೆ ಗೊತ್ತಾಗುತ್ತೆ. ಹಿಂದಿನ ಅಂಚಿನ ತಂತಿ ಬಗ್ಗೆ ಕೇಳಿದ್ದೆ. ಇನ್ನೂ ಉತ್ತರ ಬಂದಿಲ್ಲ.

ನಿರ್ವಾಹಕ
ಇಬ್ಬರೂ ಒಬ್ಬರ ಕೆಲಸದ ಬಗ್ಗೆ ಇನ್ನೊಬ್ಬರು ಮಾತಾಡೋದು ನಿಲ್ಲಿಸಿ. ರೆಕ್ಕೆ ಬಗ್ಗೆ ಬರೀರಿ. ಮುಂದಿನ ಸಲ ಪೋಸ್ಟ್ ತೆಗೀತೀನಿ.

ರಂಗೀನ್_ಮಹಲ್
ನನ್ನ ಡೆಕಾಲ್ ಮಾತಿಗೆ ಸಿಟ್ಟಾದರೂ ಪರವಾಗಿಲ್ಲ, ಇದೊಂದು ಕೇಳಿ. ಬಣ್ಣ ಹಚ್ಚದೆ ಬರೀ ಡೋಪ್ ಹಚ್ಚಿದ ಲಿನನ್ ಬೆಳಕಿಗೆ ಅರೆಪಾರದರ್ಶಕ. ಬ್ರಿಟಿಷ್ ಕ್ಯಾಮೆಲ್ ವಿಮಾನದ ರೆಕ್ಕೆಯ ಕೆಳಭಾಗ ಹಾಗಿರ್ತಿತ್ತು. ಒಳಗಿನ ರಿಬ್, ಸ್ಪಾರ್ (ರೆಕ್ಕೆಯ ಉದ್ದಕ್ಕೂ ಇರೋ ತೊಲೆ) ಕೆಳಗಿನಿಂದ ನೆರಳಾಗಿ ಕಾಣುತ್ತೆ. ಅಲ್ಲಿ ತಗ್ಗಿನ ಜಗಳವೇ ಇಲ್ಲ. ರಿಬ್ ಇರೋ ಕಡೆ ಗಾಢ, ನಡುವೆ ತಿಳಿ. ಎಷ್ಟೋ ಜನ ಇದನ್ನ ಉಲ್ಟಾ ಮಾಡ್ತಾರೆ. ಹಾಗೇ ನೇಯ್ಗೆ ತೋರಿಸೋಕೆ ಹೋಗಬೇಡಿ. ಲಿನನ್ ಎಳೆ ನಿಜದಲ್ಲೇ ಅರ್ಧ ಮಿ.ಮೀ. ಇಲ್ಲ. 48 ಪಾಲು ಮಾಡಿದರೆ ಯಾವ ಬ್ರಷ್‌ಗೂ ಸಿಗೋದಿಲ್ಲ.

ಭೀಮಾತೀರ
"48 ಪಾಲು ಮಾಡಿದರೆ ಸಿಗೋದಿಲ್ಲ". ಇದನ್ನೇ ನಾನು ಮರದ ಗೆರೆಗೆ ಹೇಳಿದ್ದು. ಬಟ್ಟೆಗೆ ಒಪ್ಪುವ ಲೆಕ್ಕ ಮರಕ್ಕೆ ಯಾಕೆ ಒಪ್ಪೋದಿಲ್ಲ?

ಬಹಮನಿ_ಬೈಪ್ಲೇನ್
ಯಾಕಂದ್ರೆ ಮರದ ಗೆರೆ ಬಿಟ್ಟರೆ ಅದು ಕಂದು ಬಣ್ಣದ ಪ್ಲಾಸ್ಟಿಕ್. ನೋಡಿದವರು ಮರ ಅನ್ನಬೇಕು. ಲೆಕ್ಕ ಸರಿ ಇದ್ದು ಮರ ಕಾಣದಿದ್ದರೆ ಆ ಲೆಕ್ಕ ನನಗೆ ಬೇಡ.

ಇನ್ನೊಂದು. ಈ ಬಿಸಿಲಿಗೆ ಅಕ್ರಿಲಿಕ್ ಏರ್‌ಬ್ರಷ್ ಸೂಜಿಯ ತುದಿಯಲ್ಲೇ ಒಣಗಿ ಕೂತ್ಕೊಳ್ತಿದೆ. ಮಧ್ಯಾಹ್ನ ಹೊಡೆದ ಬಫ್ ಮೇಲೆ ಕೈಯಾಡಿಸಿದರೆ ಪುಡಿ ಪುಡಿ. ಯಾರಾದರೂ ಇದಕ್ಕೆ ಏನು ಮಾಡ್ತೀರಿ ಹೇಳಿ.

ಉಳಿ_ಬಾಚಿ
ಪುಡಿ ಅಂದರೆ ಬಣ್ಣ ಗಾಳಿಯಲ್ಲೇ ಒಣಗಿ ಮೈಮೇಲೆ ಬೀಳ್ತಿದೆ. ರಿಟಾರ್ಡರ್ (ಬಣ್ಣ ಒಣಗೋದನ್ನ ನಿಧಾನ ಮಾಡೋ ದ್ರಾವಣ) ಎರಡು ಹನಿ ಹಾಕಿ, ಏರ್‌ಬ್ರಷ್ ಹತ್ತಿರ ಹಿಡೀರಿ, ಬಿಸಿಲು ಏರೋ ಮುಂಚೆ ಕೆಲಸ ಮುಗಿಸಿ. ಪುಡಿಯಾದ ಮೈಮೇಲೆ ಆಯಿಲ್ ಪೇಂಟ್ ಎಳೆದಿದ್ದಕ್ಕೇ ನಿಮ್ಮ ಗೆರೆ ಅಷ್ಟು ದಪ್ಪ ಬಂದಿರೋದು. ಒರಟು ಜಾಗದಲ್ಲಿ ಎಣ್ಣೆ ಬಣ್ಣ ಕಚ್ಚಿಕೊಳ್ಳುತ್ತೆ, ಬ್ರಷ್ ಅದನ್ನ ಎತ್ತೋದಿಲ್ಲ. ಬಫ್ ಮೇಲೆ ಒಂದು ಹೊಳಪಿನ ಕೋಟ್ ಕೊಟ್ಟು ಆಮೇಲೆ ಎಳೀರಿ.

ಪ್ರೊಪೆಲ್ಲರ್ ಬಗ್ಗೆ ಯಾರೂ ಕೇಳಲಿಲ್ಲ. ಮರ ನಿಜಕ್ಕೂ ದೂರದಿಂದ ಕಾಣೋದು ಅಲ್ಲೇ. ಹಲಗೆ ಹಲಗೆ ಅಂಟಿಸಿ ಕೆತ್ತಿದ್ದು ಅದು. ಕೆಲವಕ್ಕೆ ಗಾಢ ಮರ, ತಿಳಿ ಮರ ಒಂದರ ಮೇಲೊಂದು. ಕೆತ್ತಿದಾಗ ಆ ಪದರಗಳ ಅಂಚು ಉದ್ದನೆ ಬಾಗಿದ ಗೆರೆಯಾಗಿ ಹೊರಗೆ ಬರುತ್ತೆ. ಮೊದಲು ಪೂರಾ ತಿಳಿ ಬಣ್ಣ ಹೊಡೀರಿ. ಟೇಪನ್ನ ಸಣ್ಣ ಎಳೆಯಾಗಿ ಸೀಳಿ, ಬುಡದಿಂದ ತುದಿಗೆ ತಿರುವಿನ ಜೊತೆಗೇ ಬಗ್ಗಿಸಿ ಅಂಟಿಸಿ. ಮೇಲೆ ಗಾಢ ಬಣ್ಣ. ಟೇಪ್ ಕಿತ್ತಾಗ ಪಟ್ಟೆಗಳು ಬುಡದಲ್ಲಿ ಒತ್ತಾಗಿ, ತುದಿಯಲ್ಲಿ ಹರಡಿಕೊಂಡು ಬರಬೇಕು. ಸಮ ಅಗಲ ಬಂದರೆ ತಪ್ಪು.

ಬಹಮನಿ_ಬೈಪ್ಲೇನ್
"ದೂರದಿಂದ ಕಾಣೋದು ಅಲ್ಲೇ" ಅನ್ನೋದನ್ನ ಒಪ್ಪೋದಿಲ್ಲ, ಮೈಯಲ್ಲೂ ಕಾಣಬೇಕು. ಆದರೆ ಟೇಪ್ ಸೀಳೋ ವಿಧಾನ ಈ ವಾರ ಹಿಡೀತೀನಿ. ರೆಕ್ಕೆ ತಿಕ್ಕೋದಿಲ್ಲ. ಕಿಟ್ ಹೇಗೆ ಕೊಟ್ಟಿದೆಯೋ ಹಾಗೇ ಶೇಡ್ ಹೊಡೀತೀನಿ.

ಭೀಮಾತೀರ
ಹೊಡೀರಿ. ಓರೆ ಬೆಳಕಿನಲ್ಲಿ ಒಂದು ಫೋಟೋ, ನೇರ ಬೆಳಕಿನಲ್ಲಿ ಒಂದು ಫೋಟೋ ಹಾಕಿ, ಪಕ್ಕದಲ್ಲಿ ಸ್ಕೇಲ್ ಇಟ್ಟು. ಅಳೆದು ತೋರಿಸ್ತೀನಿ.

ಸಗರನಾಡು
ಹಿಂದಿನ ಅಂಚೂ ಫೋಟೋದಲ್ಲಿ ಬರಲಿ. ತಂತಿ ಇರೋ ಕಡೆ.